ಟೆಸ್ಟ್ ಆಡಲಿಲ್ಲ ಅಂತ ಬಾಲೂಗೆ ಹಾಲ್ ಆಫ್ ಫೇಮ್ ಬೇಡವಾ?

ಐಸಿಸಿ ಹಾಲ್ ಆಫ್ ಫೇಮ್ ಪಟ್ಟಿ ಬಂದಾಗಲೆಲ್ಲ ನಮ್ಮ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಜಗಳ ಗ್ಯಾರಂಟಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಹುಡುಗರು ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ ಒಟ್ಟಿಗಿದ್ದಾಗ ಹುಟ್ಟಿದ ಗ್ರೂಪದು. 2015ರಲ್ಲಿ ಕುಂಬ್ಳೆ, 2018ರಲ್ಲಿ ದ್ರಾವಿಡ್ ಸೇರಿದಾಗ ಎಲ್ಲರೂ ಒಂದೇ ಮಾತು. 2025ರಲ್ಲಿ ಧೋನಿ ಹೆಸರು ಬಂದಾಗ ಮಾತ್ರ ಆವರೇಜು, ಸ್ಟ್ರೈಕ್ ರೇಟು, ಟ್ರೋಫಿ ಅಂತ ರಾತ್ರಿಯೆಲ್ಲ ಕಿತ್ತಾಟ. ಆ ಗಲಾಟೆಯ ನಡುವೆ ನಾನೊಂದು ಹೆಸರು ಹಾಕಿದೆ: ಪಲ್ವಾಂಕರ್ ಬಾಲೂ. ಅರ್ಧ ಜನಕ್ಕೆ ಯಾರು ಅಂತಲೇ ಗೊತ್ತಿಲ್ಲ. ಗೊತ್ತಿದ್ದ ಒಬ್ಬ, ಅವರು ಟೆಸ್ಟೇ ಆಡಿಲ್ಲವಲ್ಲ ಗುರೂ ಅಂದು ಮುಗಿಸಿಬಿಟ್ಟ.

ಈ ಬರಹ ಅವನಿಗೆ ಉತ್ತರ.

ಬಾಲೂ ಹುಟ್ಟಿದ್ದು 1870ರ ದಶಕದಲ್ಲಿ, ನಮ್ಮ ಧಾರವಾಡದಲ್ಲಿ. ಕುಟುಂಬದ ಮೂಲ ಕೊಂಕಣದ ಪಲ್ವಾನ್. ಜಾತಿಯಲ್ಲಿ ಚಮ್ಮಾರರು, ಅಂದರೆ ಆ ಕಾಲದ ಲೆಕ್ಕದಲ್ಲಿ ಅಸ್ಪೃಶ್ಯರು. ತಂದೆಗೆ ಸೇನೆಗೆ ಸೇರಿದ ಕೆಲಸ, ಹಾಗಾಗಿ ಹುಡುಗ ಬೆಳೆದದ್ದು ಪುಣೆಯಲ್ಲಿ. ಮೊದಲ ಕೆಲಸ ಒಂದು ಪಾರ್ಸಿ ಕ್ಲಬ್ಬಿನ ಪಿಚ್ ಗುಡಿಸುವುದು, ರೋಲರ್ ಎಳೆಯುವುದು. ತಿಂಗಳಿಗೆ 3 ರೂಪಾಯಿ. ಆಮೇಲೆ ಬಿಳಿಯರ ಪೂನಾ ಕ್ಲಬ್ಬಿಗೆ ಹೋದರು, ಅಲ್ಲಿ 4 ರೂಪಾಯಿ. ನೆಟ್ ಕಟ್ಟು, ಪಿಚ್ ಸರಿಮಾಡು, ಸಾಹೇಬರಿಗೆ ಬೌಲಿಂಗ್ ಮಾಡು. ಇಂಗ್ಲಿಷ್ ಬ್ಯಾಟ್ಸ್‌ಮನ್ ಗ್ರೇಗ್ ಅವರಿಗೆ ಗಂಟೆಗಟ್ಟಲೆ ಎಡಗೈ ಸ್ಪಿನ್ ಹಾಕಿ ಹಾಕಿ ಕೈ ಪಳಗಿತು. ತನ್ನನ್ನು ಔಟ್ ಮಾಡಿದಾಗೆಲ್ಲ ಗ್ರೇಗ್ 8 ಆಣೆ ಕೊಡುತ್ತಿದ್ದರಂತೆ. ಆದರೆ ಆ ನೆಟ್ಸ್‌ನಲ್ಲಿ ಬಾಲೂ ಕೈಗೆ ಯಾರೂ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ದೊಡ್ಡವರ ಕೆಲಸ, ಬೆವರು ಸುರಿಸಿ ಬೌಲ್ ಮಾಡೋದು ಆಳಿನ ಕೆಲಸ.

ಪುಣೆಯ ಹಿಂದೂ ಕ್ಲಬ್ಬಿನವರಿಗೆ ಬಿಳಿಯರನ್ನು ಸೋಲಿಸುವ ಆಸೆ. ಸೋಲಿಸೋಕೆ ಬಾಲೂ ಬೇಕು. ಆದರೆ ಸೇರಿಸಿಕೊಂಡರೆ ಮೈಲಿಗೆ. ಕೊನೆಗೆ ಗೆಲ್ಲುವ ಆಸೆ ಮೇಲಾಯಿತು, ಬಾಲೂ ತಂಡಕ್ಕೆ ಬಂದರು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಟೀ ವಿರಾಮದಲ್ಲಿ ಮಾತ್ರ ಉಳಿದವರು ಪೆವಿಲಿಯನ್ ಒಳಗೆ, ಬಾಲೂ ಹೊರಗೆ. ಉಳಿದವರಿಗೆ ಪಿಂಗಾಣಿ ಕಪ್ಪು, ಇವರಿಗೆ ಕುಡಿದು ಬಿಸಾಡುವ ಮಣ್ಣಿನ ಕುಡಿಕೆ. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು.

ಇದನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಪುಣೆ ಅಲ್ಲ, ನಮ್ಮೂರಿನ ಟೆನಿಸ್ ಬಾಲ್ ಟೂರ್ನಮೆಂಟು. ನಮ್ಮ ಟೀಮಿನ ಒಳ್ಳೇ ಬೌಲರ್ ಕಾಲೋನಿ ಹುಡುಗ. ಕೊನೇ ಓವರ್ ಯಾವಾಗಲೂ ಅವನದೇ. ನೀರು ಬಂದಾಗ ಮಾತ್ರ ಅವನು ಬೊಗಸೆ ಒಡ್ಡಬೇಕು, ಮೇಲಿನಿಂದ ಯಾರಾದರೂ ಹುಯ್ಯಬೇಕು. ಕ್ಯಾಪ್ಟನ್ ಅವನನ್ನು ಮಾಡೋಣ ಅಂತ ಒಬ್ಬರೂ ಹೇಳಲಿಲ್ಲ. ಸ್ಕೋರ್ ಬರೆಯುತ್ತಿದ್ದವನು ನಾನು. ನಾನೂ ಹೇಳಲಿಲ್ಲ.

ಪ್ಲೇಗ್ ಹಾವಳಿಯ ವರ್ಷಗಳಲ್ಲಿ ಬಾಲೂ ಬಾಂಬೆಗೆ ಬಂದರು. ರೈಲ್ವೆಯಲ್ಲಿ ಕೆಲಸ ಸಿಕ್ಕಿತು, ಹಿಂದೂ ಜಿಮ್ಖಾನಾ ತಂಡದಲ್ಲಿ ಜಾಗವೂ ಸಿಕ್ಕಿತು. 1906ರಲ್ಲಿ ಹಿಂದೂಗಳ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿತು. ಆ ತಂಡದಲ್ಲಿ ಬಾಲೂ ಇದ್ದರು, ತಮ್ಮ ಶಿವರಾಮ್ ಕೂಡ ಇದ್ದರು. 1911ರಲ್ಲಿ ಪಟಿಯಾಲ ಮಹಾರಾಜರ ನಾಯಕತ್ವದಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಆಡಿದ 23 ಪಂದ್ಯಗಳಲ್ಲಿ ಗೆದ್ದದ್ದು ಬರೀ 6. ಆದರೆ ಆ ಸೋಲುವ ತಂಡದಲ್ಲಿ, ಮೂವತ್ತೈದರ ಆಸುಪಾಸಿನ ಬಾಲೂ ಒಬ್ಬರೇ 114 ವಿಕೆಟ್ ಕಿತ್ತರು, 18.84ರ ಸರಾಸರಿಯಲ್ಲಿ. ವಾಪಸ್ ಬಂದಾಗ ಬಾಂಬೆಯ ದಲಿತರು ಸನ್ಮಾನ ಮಾಡಿದರು. ಆ ಸನ್ಮಾನದಲ್ಲಿ ಕೈಜೋಡಿಸಿದ ಯುವಕರಲ್ಲಿ ಒಬ್ಬರು ಭೀಮರಾವ್ ಅಂಬೇಡ್ಕರ್.

ಇಷ್ಟಾದರೂ ನಾಯಕತ್ವ ಕೊಡಲಿಲ್ಲ. ವರ್ಷ ವರ್ಷವೂ ಬಾಲೂಗಿಂತ ಕಡಿಮೆ ಆಟದ ಮೇಲ್ಜಾತಿಯವರೇ ಕ್ಯಾಪ್ಟನ್. 1920ರಲ್ಲಂತೂ ತಂಡದಿಂದಲೇ ಕೈಬಿಟ್ಟರು. ತಮ್ಮಂದಿರಾದ ಶಿವರಾಮ್ ಮತ್ತು ವಿಠ್ಠಲ್ ಪ್ರತಿಭಟಿಸಿ ಹೊರನಡೆದರು. ಆಮೇಲೆ ರಾಜಿಯಾಗಿ ಬಾಲೂ ಉಪನಾಯಕರಾದರು, ಅಷ್ಟೇ. ಅಣ್ಣ ಕಾಯ್ದ ಆ ಕುರ್ಚಿ 1923ರಲ್ಲಿ ತಮ್ಮ ವಿಠ್ಠಲ್‌ಗೆ ಸಿಕ್ಕಿತು, ತಂಡ ಕಪ್ ಗೆದ್ದಿತು.

ಈಗ ಗೆಳೆಯನ ಪ್ರಶ್ನೆಗೆ ಬರ್ತೀನಿ. ಹಾಲ್ ಆಫ್ ಫೇಮ್‌ಗೆ ಅಂತಾರಾಷ್ಟ್ರೀಯ ಪಂದ್ಯಗಳ ದಾಖಲೆಯೇ ಅಳತೆಗೋಲು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಆಗ ಬಾಲೂಗೆ ಐವತ್ತು ದಾಟಿತ್ತು. ಇಲ್ಲದ ಪಂದ್ಯವನ್ನು ಆಡಲಿಲ್ಲ ಅನ್ನೋದು ಆಟಗಾರನ ತಪ್ಪಾ? ಇದ್ದ ಲೆಕ್ಕವನ್ನೇ ನೋಡಿ: 33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್, ಸರಾಸರಿ 15.21. ಪಾಪ ಅಂತ ಕೊಡಬೇಕಾದ ಗೌರವ ಅಲ್ಲ ಇದು. ಅಂಕಿಗಳೇ ಸಾಕು.

ಅಮೆರಿಕದ ಬೇಸ್‌ಬಾಲ್‌ಗೂ ಇದೇ ತಲೆನೋವಿತ್ತು. ಕಪ್ಪು ಆಟಗಾರರನ್ನು ಮೇಜರ್ ಲೀಗ್‌ನಿಂದ ದಶಕಗಳ ಕಾಲ ಹೊರಗಿಟ್ಟಿದ್ದರು. ಆಮೇಲೆ ಹಾಲ್ ಆಫ್ ಫೇಮ್‌ಗೆ ಮೇಜರ್ ಲೀಗ್‌ನಲ್ಲಿ 10 ವರ್ಷ ಆಡಿರಬೇಕು ಅನ್ನೋ ನಿಯಮ ಇಟ್ಟರು. 1971ರಲ್ಲಿ ವಿಶೇಷ ಸಮಿತಿ ಮಾಡಿ ಸ್ಯಾಚೆಲ್ ಪೇಜ್ ಅವರನ್ನು ಆರಿಸಿದಾಗಲೂ ಮೊದಲು ಯೋಚಿಸಿದ್ದು ಬೇರೆ ವಿಭಾಗದಲ್ಲಿ ಇಡೋಣ ಅಂತ. ಅದೂ ಒಂಥರಾ ಮಣ್ಣಿನ ಕುಡಿಕೆಯೇ ಅಲ್ವಾ? ಜನ ಉಗಿದ ಮೇಲೆ ಎಲ್ಲರ ಜೊತೆಗೇ ಸೇರಿಸಿದರು. 2024ರಲ್ಲಿ ನೀಗ್ರೋ ಲೀಗ್‌ಗಳ ಅಂಕಿಗಳನ್ನೂ ಅಧಿಕೃತ ದಾಖಲೆಗೆ ಸೇರಿಸಿದಾಗ, ಮೇಜರ್ ಲೀಗ್‌ನಲ್ಲಿ ಒಂದೂ ಪಂದ್ಯ ಆಡದ ಜೋಶ್ ಗಿಬ್ಸನ್ ಹೆಸರು ಬ್ಯಾಟಿಂಗ್ ಸರಾಸರಿಯಲ್ಲಿ ಎಲ್ಲರಿಗಿಂತ ಮೇಲೆ ಬಂತು. ನಿಯಮ ಮನುಷ್ಯರು ಮಾಡಿದ್ದು, ಮನುಷ್ಯರೇ ಬದಲಿಸಬಹುದು.

ನಮ್ಮಲ್ಲಿ ಇನ್ನೊಂದು ಆಕ್ಷೇಪ ಬರುತ್ತೆ, ಅದನ್ನು ಮುಚ್ಚಿಡಲ್ಲ. ಬಾಲೂ ಆಮೇಲೆ ರಾಜಕೀಯಕ್ಕೆ ಬಂದರು, ಗಾಂಧಿ ಕಡೆ ನಿಂತರು. ಪ್ರತ್ಯೇಕ ಮತಕ್ಷೇತ್ರದ ವಿಷಯದಲ್ಲಿ ಅಂಬೇಡ್ಕರ್ ಅವರನ್ನು ಒಪ್ಪಲಿಲ್ಲ. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರಲ್ಲಿ ಬಾಂಬೆ ವಿಧಾನಸಭೆ ಚುನಾವಣೆಗೆ ಕಾಂಗ್ರೆಸ್ ಅವರನ್ನು ಅಂಬೇಡ್ಕರ್ ಎದುರೇ ನಿಲ್ಲಿಸಿತು. ಸುಮಾರು 2,000 ಮತಗಳಿಂದ ಸೋತರು. ಆ ವಿಷಯದಲ್ಲಿ ನಾನು ಅಂಬೇಡ್ಕರ್ ಪರ. ತಮ್ಮನ್ನು ಹೊರಗೆ ಕೂರಿಸಿದವರ ಮನಸ್ಸು ಬದಲಾಗುತ್ತೆ ಅಂತ ಬಾಲೂ ನಂಬಿದ್ದರು ಅನ್ನಿಸುತ್ತೆ. ಆ ನಂಬಿಕೆಗೆ ಸಿಕ್ಕ ಪ್ರತಿಫಲ ಉಪನಾಯಕನ ಪಟ್ಟ ಅಷ್ಟೇ. ಆದರೂ ಕೊರಟಗೆರೆ, ಪಾವಗಡದ ಮೀಸಲು ಕ್ಷೇತ್ರಗಳಲ್ಲಿ ನನ್ನ ಗೆಳೆಯರು ಓಟು ಹಾಕುವಾಗ, ಆ ವ್ಯವಸ್ಥೆಯ ಬೇರು ಹೋಗಿ ಮುಟ್ಟೋದು ಅದೇ ಪೂನಾ ಒಪ್ಪಂದವನ್ನು. ಬಾಲೂ ರಾಜಕೀಯವನ್ನು ರಾಜಕೀಯವಾಗಿ ಟೀಕಿಸೋಣ. ಅದನ್ನು ನೆಪ ಮಾಡಿಕೊಂಡು ಅವರ ವಿಕೆಟ್ ಕಡಿಮೆ ಮಾಡೋದು ಬೇಡ.

1955ರ ಜುಲೈನಲ್ಲಿ ಬಾಲೂ ತೀರಿಕೊಂಡರು. ಐಸಿಸಿ ಟೆಸ್ಟ್ ಪೂರ್ವ ಕಾಲದ ಆಟಗಾರರಿಗೆ ಒಂದು ಸಮಿತಿ ಮಾಡಲಿ, ಬೇರೆ ಕೋಣೆ ಬೇಡ, ಅದೇ ಪಟ್ಟಿಗೆ ಸೇರಿಸಲಿ. ಅದಕ್ಕೆ ಕಾಯದೆ ನಾವೂ ಒಂದು ಕೆಲಸ ಮಾಡಬಹುದು. ಶಿರಾದಲ್ಲೋ ಮಧುಗಿರಿಯಲ್ಲೋ ಮುಂದಿನ ಟೂರ್ನಮೆಂಟ್ ನಡೆದಾಗ ಬೆಸ್ಟ್ ಬೌಲರ್ ಕಪ್ಪಿಗೆ ಬಾಲೂ ಹೆಸರು ಇಡೋಣ. ಗೆದ್ದವನಿಗೆ ಕಪ್ ಕೊಡುವ ಮೊದಲು, ಅವನು ನೀರು ಕುಡಿದದ್ದು ಯಾವ ಲೋಟದಲ್ಲಿ ಅಂತ ಒಮ್ಮೆ ನೋಡೋಣ.