ಮಾಟಗಾತಿಯರೆನಿಸಿಕೊಂಡವರ ಪರ ನಿಂತ ಗುರು ಫ್ರೆಡರಿಕ್ ಸ್ಪೇ

ನಮ್ಮ ಮನೆಗಳ ಮಕ್ಕಳು ಇಂದು ಮಾಟಗಾತಿಯರ ಕಥೆಗಳನ್ನು ಕಾದಂಬರಿಗಳಲ್ಲಿ ಓದುತ್ತಾರೆ, ಚಲನಚಿತ್ರಗಳಲ್ಲಿ ನೋಡುತ್ತಾರೆ. ಅವರಿಗೆ ಅದು ಮನರಂಜನೆ. ಆದರೆ ಸುಮಾರು ನಾನೂರು ವರ್ಷಗಳ ಹಿಂದೆ ಯೂರೋಪಿನಲ್ಲಿ ಮಾಟಗಾತಿ ಎಂಬ ಒಂದೇ ಮಾತು ಒಬ್ಬ ಹೆಂಗಸಿನ ಪ್ರಾಣ ತೆಗೆಯಲು ಸಾಕಾಗುತ್ತಿದ್ದಿತು. 15ನೆಯ ಶತಮಾನದಿಂದ 18ನೆಯ ಶತಮಾನದವರೆಗೆ ಈ ಆರೋಪದ ಮೇಲೆ ಅಲ್ಲಿ ಕೊಲ್ಲಲ್ಪಟ್ಟವರು 40,000ದಿಂದ 60,000 ಮಂದಿ ಎಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಅವರಲ್ಲಿ ಹೆಚ್ಚಿನವರು ಸ್ತ್ರೀಯರು. ಕಥೋಲಿಕರ ಸೀಮೆಗಳಲ್ಲೂ ಪ್ರೊಟೆಸ್ಟೆಂಟರ ಸೀಮೆಗಳಲ್ಲೂ ಈ ಅನ್ಯಾಯ ನಡೆಯಿತು. ಅಂಥ ಕಾಲದಲ್ಲಿ ಆ ನಿರ್ಭಾಗ್ಯರ ಪರವಾಗಿ ಲೇಖನಿ ಹಿಡಿದ ಯೇಸುಸಭೆಯ ಗುರು ಫ್ರೆಡರಿಕ್ ಸ್ಪೇ ಅವರ ಜೀವನವನ್ನು ಈ ವಾರ ಓದುಗರ ಮುಂದಿಡಬಯಸುತ್ತೇವೆ.

ಸ್ಪೇ ಅವರು 1591ರ ಫೆಬ್ರವರಿ 25ರಂದು ಜರ್ಮನಿಯ ರೈನ್ ನದಿಯ ದಂಡೆಯ ಕೈಸರ್ಸ್‌ವರ್ತ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಅಲ್ಲಿನ ಕೋಟೆಯ ಅಧಿಕಾರಿ. ಕೊಲೋನ್ ನಗರದಲ್ಲಿ ಯೇಸುಸಭೆಯ ಗುರುಗಳ ಶಾಲೆಯಲ್ಲಿ ಓದಿದ ಬಾಲಕನು 1610ರಲ್ಲಿ, ತನ್ನ 19ನೆಯ ವಯಸ್ಸಿನಲ್ಲಿ, ಟ್ರಿಯರ್‌ನಲ್ಲಿ ಅದೇ ಸಭೆಯನ್ನು ಸೇರಿದನು. ಮುಂದೆ ವೂರ್ಟ್ಸ್‌ಬರ್ಗ್‌ನಲ್ಲಿ ತತ್ತ್ವಶಾಸ್ತ್ರದ ಅಭ್ಯಾಸ ನಡೆಯಿತು. ಆ ದಿನಗಳಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಕೀರ್ತಿ ಯೂರೋಪಿನ ಯುವಕರ ಮನಸ್ಸನ್ನು ಸೆಳೆದಿದ್ದಿತು. ಯುವಕ ಸ್ಪೇ ಕೂಡ ಭಾರತಕ್ಕೆ ಹೋಗಿ ಸೇವೆ ಮಾಡಬೇಕೆಂದು ಹಂಬಲಿಸಿ, 1617ರಲ್ಲಿ ರೋಮಿನಲ್ಲಿದ್ದ ಸಭೆಯ ಮಹಾಶ್ರೇಷ್ಠರಿಗೆ ಪತ್ರ ಬರೆದು ಬೇಡಿಕೊಂಡರು. ಅನುಮತಿ ದೊರೆಯಲಿಲ್ಲ. ಜರ್ಮನಿಯಲ್ಲೇ ಮಾಡಬೇಕಾದ ಕೆಲಸ ಬೇಕಾದಷ್ಟಿದೆ ಎಂಬ ಅರ್ಥದ ಉತ್ತರ ಬಂದಿತು. ವಿಧೇಯತೆಯ ವ್ರತಕ್ಕೆ ತಲೆಬಾಗಿ ಅವರು ಅಲ್ಲಿಯೇ ಉಳಿದರು. ಆ ಕೆಲಸ ಯಾವುದೆಂಬುದು ಅವರಿಗೆ ಆಗ ತಿಳಿದಿರಲಿಲ್ಲ.

1622ರಲ್ಲಿ ಮೈನ್ಟ್ಸ್ ನಗರದಲ್ಲಿ ಗುರುದೀಕ್ಷೆ ಪಡೆದ ಸ್ಪೇ ಅವರು ಮರುವರ್ಷ ಪಾಡರ್‌ಬೋರ್ನ್‌ನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾದರು. ಅವರು ಕವಿಯೂ ಆಗಿದ್ದರು. ಅವರು ರಚಿಸಿದ ಭಕ್ತಿಗೀತೆಗಳನ್ನು ಜರ್ಮನ್ ಕಥೋಲಿಕರು ಇಂದಿಗೂ ದೇವಾಲಯಗಳಲ್ಲಿ ಹಾಡುತ್ತಾರೆ. 1628ರಲ್ಲಿ ಅವರನ್ನು ಉತ್ತರ ಜರ್ಮನಿಯ ಪೈನೆ ಪ್ರದೇಶಕ್ಕೆ ಧರ್ಮಸೇವೆಗೆ ಕಳುಹಿಸಲಾಯಿತು. ಕಥೋಲಿಕರೂ ಪ್ರೊಟೆಸ್ಟೆಂಟರೂ ಪರಸ್ಪರ ಕತ್ತಿ ಹಿರಿದಿದ್ದ ಮೂವತ್ತು ವರ್ಷಗಳ ಯುದ್ಧದ ಕಾಲವದು. 1629ರ ಏಪ್ರಿಲ್ 29ರಂದು, ಒಳ್ಳೆಯ ಕುರುಬನ ಶುಭಸಂದೇಶವನ್ನು ಓದುವ ಭಾನುವಾರ, ಪೂಜೆಗೆಂದು ಕುದುರೆಯ ಮೇಲೆ ಹೋಗುತ್ತಿದ್ದ ಅವರ ಮೇಲೆ ಒಬ್ಬ ಹಂತಕನು ಎರಗಿದನು. ತಲೆಗೆ ತೀವ್ರವಾದ ಗಾಯಗಳಾದವು. ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾದವು. ತಮ್ಮ ಹತ್ಯೆಗೆ ಕೈಯೆತ್ತಿದವನನ್ನು ಕಂಡ ಮೇಲೂ ಅವರ ಮನಸ್ಸು ಕಲ್ಲಾಗಲಿಲ್ಲ. ಅದೇ ವರ್ಷ ಪಾಡರ್‌ಬೋರ್ನ್‌ಗೆ ಮರಳಿ ನೀತಿ ದೈವಶಾಸ್ತ್ರವನ್ನು ಬೋಧಿಸತೊಡಗಿದರು.

ಈ ನಡುವೆ ಜರ್ಮನಿಯಲ್ಲಿ ಮತ್ತೊಂದು ಬೆಂಕಿ ಹರಡುತ್ತಿದ್ದಿತು. 1626ರ ಮೇ ತಿಂಗಳಲ್ಲಿ ಅಕಾಲದ ಹಿಮ ಬಿದ್ದು ದ್ರಾಕ್ಷಿ ತೋಟಗಳೂ ಪೈರುಗಳೂ ಸುಟ್ಟುಹೋದವು. ಹಸಿವು, ಸಾಂಕ್ರಾಮಿಕ ರೋಗ, ಯುದ್ಧ ಇವು ಮೂರೂ ಕೂಡಿ ಜನರನ್ನು ಕಂಗೆಡಿಸಿದವು. ಇಷ್ಟೆಲ್ಲಕ್ಕೂ ಯಾರೋ ಕಾರಣರಿರಬೇಕೆಂದು ಜನರು ಹುಡುಕತೊಡಗಿದರು. ಸಿಕ್ಕವರು ಮೊದಲು ಬಡ ವಿಧವೆಯರು, ದಿಕ್ಕಿಲ್ಲದ ಮುದುಕಿಯರು, ಮದ್ದು ಬಲ್ಲ ಹೆಂಗಸರು. ಬರಬರುತ್ತ ಯಾರೂ ಸುರಕ್ಷಿತರಲ್ಲವೆಂಬಂತಾಯಿತು. ವೂರ್ಟ್ಸ್‌ಬರ್ಗ್ ಮತ್ತು ಬಾಂಬರ್ಗ್ ಪ್ರಾಂತ್ಯಗಳಲ್ಲಿ ನೂರಾರು ಮಂದಿಯನ್ನು ಸುಡಲಾಯಿತು. ಮಕ್ಕಳನ್ನೂ ಯಾಜಕರನ್ನೂ ಬಿಡಲಿಲ್ಲ. ಬಾಂಬರ್ಗಿನ ನಗರಾಧ್ಯಕ್ಷರಾಗಿದ್ದ ಯೋಹಾನ್ನೆಸ್ ಯೂನಿಯಸ್ ಎಂಬುವರಿಗೆ 1628ರಲ್ಲಿ ಮರಣದಂಡನೆಯಾಯಿತು. ಚಿತ್ರಹಿಂಸೆಯಿಂದ ಜಜ್ಜಿಹೋದ ಕೈಗಳಿಂದಲೇ ಅವರು ಸೆರೆಮನೆಯಿಂದ ಮಗಳಿಗೆ ಗುಟ್ಟಾಗಿ ಪತ್ರ ಬರೆದು, ತಾವು ಒಪ್ಪಿಕೊಂಡದ್ದೆಲ್ಲ ನೋವು ತಾಳಲಾರದೆ ಕಟ್ಟಿದ ಸುಳ್ಳೆಂದು ತಿಳಿಸಿದರು. ಆ ಪತ್ರ ಇಂದಿಗೂ ಉಳಿದಿದೆ. ಈ ಎರಡು ಪ್ರಾಂತ್ಯಗಳನ್ನು ಆಗ ಆಳುತ್ತಿದ್ದವರು ಕಥೋಲಿಕ ಧರ್ಮಾಧ್ಯಕ್ಷರೇ ಎಂಬುದನ್ನು ನಾವು ಮುಚ್ಚಿಡಬಾರದು.

ಸ್ಪೇ ಅವರು ಮರಣದಂಡನೆಗೆ ಗುರಿಯಾದ ಇಂಥ ಸ್ತ್ರೀಯರ ಪಾಪನಿವೇದನೆಯನ್ನು ಕೇಳಿದ್ದರು. ನ್ಯಾಯಾಧಿಪತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡಿದ್ದವರು ಗುರುವಿನ ಮುಂದೆ ಕಣ್ಣೀರಿಡುತ್ತ ತಾವು ನಿರಪರಾಧಿಗಳೆಂದು ಹೇಳುತ್ತಿದ್ದರು. ಆ ಮಾತನ್ನು ಬಹಿರಂಗವಾಗಿ ಹೇಳಿದರೆ ಮತ್ತೆ ಚಿತ್ರಹಿಂಸೆ ಕಾದಿರುತ್ತಿದ್ದುದರಿಂದ ಬಾಯಿ ಬಿಡಲು ಅಂಜುತ್ತಿದ್ದರು. ಸ್ಪೇ ಅವರ ತಲೆಗೂದಲು ಹರೆಯದಲ್ಲೇ ನರೆತದ್ದು ಈ ದುಃಖದಿಂದಲೇ ಎಂಬ ಮಾತು ಉಂಟು. ಮುಂದೆ ವೂರ್ಟ್ಸ್‌ಬರ್ಗಿನ ಧರ್ಮಾಧ್ಯಕ್ಷರೂ ಮೈನ್ಟ್ಸ್‌ನ ಮಹಾಧರ್ಮಾಧ್ಯಕ್ಷರೂ ಆದ ಯೋಹಾನ್ ಫಿಲಿಪ್ ಫಾನ್ ಶ್ಯೋನ್‌ಬೋರ್ನ್ ಅವರು ಇದನ್ನು ತತ್ತ್ವಜ್ಞಾನಿ ಲೈಬ್ನಿಟ್ಸ್‌ಗೆ ತಿಳಿಸಿದರು. ಲೈಬ್ನಿಟ್ಸ್ ಅದನ್ನು ತನ್ನ 1710ರ ಗ್ರಂಥದಲ್ಲಿ ದಾಖಲಿಸಿದ್ದಾನೆ.

1631ರಲ್ಲಿ ರಿಂಟೆಲ್ನ್ ಎಂಬ ಪ್ರೊಟೆಸ್ಟೆಂಟ್ ವಿಶ್ವವಿದ್ಯಾಲಯದ ಊರಿನಲ್ಲಿ ಲ್ಯಾಟಿನ್ ಭಾಷೆಯ ಒಂದು ಪುಸ್ತಕ ಅಚ್ಚಾಗಿ ಬಂದಿತು. ಹೆಸರು ಕೌತ್ಸಿಯೊ ಕ್ರಿಮಿನಾಲಿಸ್, ಅಂದರೆ ಅಪರಾಧ ವಿಚಾರಣೆಯಲ್ಲಿ ಎಚ್ಚರಿಕೆ. ಲೇಖಕರ ಹೆಸರಿರಲಿಲ್ಲ. ಬರೆದವರು ಒಬ್ಬ ಕಥೋಲಿಕ ದೈವಶಾಸ್ತ್ರಜ್ಞರು ಎಂದಷ್ಟೇ ಇದ್ದಿತು. 51 ಪ್ರಶ್ನೆಗಳೂ ಅವುಗಳ ಉತ್ತರಗಳೂ ಸೇರಿ ಆ ಗ್ರಂಥ ರಚಿತವಾಗಿದೆ. ಮಾಟಗಾತಿಯರೇ ಇಲ್ಲವೆಂದು ಸ್ಪೇ ಅವರು ವಾದಿಸಲಿಲ್ಲ. ಹಿಡಿದು ತಂದ ಈ ಸ್ತ್ರೀಯೇ ಮಾಟಗಾತಿ ಎಂದು ನಿಮಗೆ ತಿಳಿದದ್ದು ಹೇಗೆ ಎಂಬುದು ಅವರ ಪ್ರಶ್ನೆ. ಆಳುವವರ ಮುಂದೆ, ನ್ಯಾಯಾಧಿಪತಿಗಳ ಮುಂದೆ, ಪಾಪನಿವೇದನೆ ಕೇಳುವ ಗುರುಗಳ ಮುಂದೆ ಅವರು ಈ ಪ್ರಶ್ನೆಯನ್ನಿಟ್ಟರು.

ಅವರು ಬಯಲು ಮಾಡಿದ ವಿಚಾರಣೆಯ ಕ್ರಮ ಹೀಗಿದೆ. ಹೊಟ್ಟೆಕಿಚ್ಚಿನಿಂದಲೋ ಅಜ್ಞಾನದಿಂದಲೋ ಊರಿನಲ್ಲಿ ಒಂದು ಗಾಳಿಸುದ್ದಿ ಹುಟ್ಟುತ್ತದೆ. ಹೆಂಗಸನ್ನು ಹಿಡಿದು ತರುತ್ತಾರೆ. ಅವಳ ನಡತೆ ಕೆಟ್ಟದ್ದಾಗಿದ್ದರೆ ಅದು ಸಾಕ್ಷಿ. ಒಳ್ಳೆಯದಾಗಿದ್ದರೆ ಮಾಟಗಾತಿಯರು ಒಳ್ಳೆಯವರಂತೆ ನಟಿಸುತ್ತಾರೆಂಬ ಕಾರಣಕ್ಕೆ ಅದೂ ಸಾಕ್ಷಿ. ಅಂಜಿದರೆ ಅಪರಾಧಿ ಮನಸ್ಸು ಕಾರಣ. ಅಂಜದಿದ್ದರೆ ಸೈತಾನನ ಬಲ ಕಾರಣ. ಹಿಂಸೆಯಲ್ಲಿ ಒಪ್ಪಿಕೊಂಡರೆ ಮಾಟಗಾತಿ. ಒಪ್ಪಿಕೊಳ್ಳದಿದ್ದರೆ ನೋವು ತಿಳಿಯದಂತೆ ಮಾಟ ಮಾಡಿಕೊಂಡಿದ್ದಾಳೆ, ಆದ್ದರಿಂದ ಮಾಟಗಾತಿ. ಅವಳ ಪರವಾಗಿ ಮಾತನಾಡಿದವನ ಮೇಲೂ ಸಂಶಯ. ಜೊತೆಗಾರರು ಯಾರೆಂದು ಹಿಂಸಿಸಿದಾಗ ಅವಳು ಹೇಳುವ ಹೆಸರುಗಳಿಂದ ಮುಂದಿನ ಚಿತೆಗಳು ಸಿದ್ಧವಾಗುತ್ತವೆ. ಇದು ಅತ್ತ ದರಿ, ಇತ್ತ ಪುಲಿ ಎಂಬಂತಹ ಸಂಕಟವಷ್ಟೇ ಅಲ್ಲ, ಬಾಗಿಲೇ ಇಲ್ಲದ ಮನೆ. ಗುರುಮಠದಲ್ಲಿ ತರ್ಕಶಾಸ್ತ್ರ ಓದುವಾಗ ನಾವು ಕಲಿಯುವ ಮೊದಲ ಪಾಠಗಳಲ್ಲಿ ಇದೂ ಒಂದು: ಹೌದು ಎಂಬುದರಿಂದಲೂ ಅಲ್ಲ ಎಂಬುದರಿಂದಲೂ ಒಂದೇ ತೀರ್ಮಾನ ಬರುವುದಾದರೆ, ಆ ತೀರ್ಮಾನ ಸಾಕ್ಷಿಯಿಂದ ಬಂದದ್ದಲ್ಲ, ಮೊದಲೇ ಮನಸ್ಸಿನಲ್ಲಿ ಇದ್ದದ್ದು. ಸ್ಪೇ ಅವರು ಈ ಪಾಠವನ್ನು ಪ್ರಾಣವುಳಿಸುವ ಕೆಲಸಕ್ಕೆ ಬಳಸಿದರು. ಚಿತ್ರಹಿಂಸೆಗೆ ಒಳಪಡಿಸಿದರೆ ನ್ಯಾಯಾಧಿಪತಿಗಳೂ ಗುರುಗಳೂ ಮಾಟಗಾರರೆಂದು ಒಪ್ಪಿಕೊಳ್ಳುವರೆಂದು ಅವರು ನಿರ್ಭಯವಾಗಿ ಬರೆದರು. ಗೋಧಿಯೊಡನೆ ಬೆಳೆದ ಕಳೆಯನ್ನು ಕೀಳಹೋಗಿ ಗೋಧಿಯನ್ನೇ ಕೀಳಬಾರದೆಂಬ ಯೇಸುಸ್ವಾಮಿಯ ಸಾಮತಿಯನ್ನು ಅವರು ನೆನಪಿಸಿದರು.

ಹೆಸರಿಲ್ಲದಿದ್ದರೂ ಲೇಖಕರು ಯಾರೆಂಬುದು ಬಹುಬೇಗ ತಿಳಿಯಿತು. ಅಪ್ಪಣೆಯಿಲ್ಲದೆ ಅಚ್ಚಾದ ಪುಸ್ತಕವೆಂದು ಸಭೆಯ ಒಳಗೇ ಅಸಮಾಧಾನ ಹುಟ್ಟಿತು. 1632ರಲ್ಲಿ ಎರಡನೆಯ ಮುದ್ರಣ ಬಂದಾಗ ಅವರನ್ನು ಸಭೆಯಿಂದ ಕಳುಹಿಸಿಬಿಡುವ ಮಾತೂ ಬಂದಿತು. ಪ್ರಾಂತ್ಯದ ಶ್ರೇಷ್ಠರಾಗಿದ್ದ ಗೋಸ್ವಿನ್ ನಿಕೆಲ್ ಅವರು ಅವರನ್ನು ಕೈಬಿಡದೆ ಕಾಪಾಡಿ, ಟ್ರಿಯರ್ ನಗರಕ್ಕೆ ಅಧ್ಯಾಪಕರಾಗಿ ಕಳುಹಿಸಿದರು. 1635ರ ಮಾರ್ಚ್‌ನಲ್ಲಿ ಆ ನಗರ ಯುದ್ಧಕ್ಕೆ ಸಿಕ್ಕಿತು. ಗಾಯಗೊಂಡ ಸೈನಿಕರನ್ನೂ ಸೆರೆಯಾದವರನ್ನೂ ಯಾವ ಪಕ್ಷದವರೆಂದು ಕೇಳದೆ ಸ್ಪೇ ಅವರು ಉಪಚರಿಸಿದರು. ಆ ಸೇವೆಯಲ್ಲೇ ಸಾಂಕ್ರಾಮಿಕ ರೋಗ ತಗುಲಿ 1635ರ ಆಗಸ್ಟ್ 7ರಂದು, 44ನೆಯ ವಯಸ್ಸಿನಲ್ಲಿ, ಪ್ರಭುವಿನಲ್ಲಿ ನಿದ್ರಿಸಿದರು. ಅವರ ಸಮಾಧಿ ಬಹುಕಾಲ ಮರೆಯಾಗಿದ್ದು 1980ರಲ್ಲಿ ಮತ್ತೆ ಪತ್ತೆಯಾಯಿತು. ಪುಸ್ತಕ ಮಾತ್ರ ಮರೆಯಾಗಲಿಲ್ಲ. ಶ್ಯೋನ್‌ಬೋರ್ನ್ ಅವರು ತಮ್ಮ ಪ್ರಾಂತ್ಯಗಳಲ್ಲಿ ಈ ವಿಚಾರಣೆಗಳನ್ನು ನಿಲ್ಲಿಸಿದರು. 1701ರಲ್ಲಿ ಇವುಗಳ ವಿರುದ್ಧ ಬರೆದ ಪ್ರೊಟೆಸ್ಟೆಂಟ್ ನ್ಯಾಯಶಾಸ್ತ್ರಜ್ಞ ಕ್ರಿಸ್ಟಿಯನ್ ತೊಮಾಸಿಯುಸ್ ಕೂಡ ಸ್ಪೇ ಅವರ ಗ್ರಂಥವನ್ನು ಆಧಾರವಾಗಿ ಬಳಸಿದನು. ಜಗದ್ಗುರು ಎರಡನೆಯ ಜಾನ್ ಪೌಲರು 2000ದ ಮಾರ್ಚ್ 12ರಂದು, ಸತ್ಯದ ಸೇವೆಯ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ನಡೆಸಿದ ಬಲಾತ್ಕಾರಗಳಿಗಾಗಿ ದೇವರ ಕ್ಷಮೆ ಬೇಡಿದರು.

ಇದೆಲ್ಲ ದೂರದ ದೇಶದ ಹಳೆಯ ಸಂಗತಿಯೆಂದು ನಾವು ಪತ್ರಿಕೆ ಮಡಿಸಿಡುವಂತಿಲ್ಲ. ಬೀದರ್, ಕಲಬುರಗಿ ಸೀಮೆಯಲ್ಲಿ ಬಾನಾಮತಿಯ ಹೆಸರಿನಲ್ಲಿ ಎಷ್ಟು ಮಂದಿ ಹೊಡೆತ ತಿಂದಿದ್ದಾರೆಂಬುದನ್ನು ನಾಡು ಬಲ್ಲದು. ಮಾಟ, ಬಾನಾಮತಿಗಳ ಹೆಸರಿನಲ್ಲಿ ಮನುಷ್ಯರನ್ನು ಹಿಂಸಿಸುವುದನ್ನು ತಡೆಯಲು ಕರ್ನಾಟಕ ಸರ್ಕಾರ 2017ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. 2020ರಲ್ಲಿ ಅದು ಜಾರಿಗೆ ಬಂದಿತು. ಆದರೆ ಪೊಲೀಸರು ಬರುವ ಮುನ್ನವೇ ಆಗುವ ಹಾನಿಯೊಂದಿದೆ. ಮಗುವಿನ ಜ್ವರ ಬಿಡದಿದ್ದರೆ, ಕರೆಯುವ ಎಮ್ಮೆ ಹಾಲು ಬತ್ತಿಸಿಕೊಂಡರೆ, ಕೊಳವೆಬಾವಿಯಲ್ಲಿ ನೀರು ಬಾರದಿದ್ದರೆ, ಒಪ್ಪಿದ ಸಂಬಂಧ ಮುರಿದರೆ, ಯಾರೋ ಮಾಡಿಸಿದ್ದಾರೆ ಎಂಬ ಮಾತು ನಮ್ಮ ಹಟ್ಟಿ, ಕೇರಿಗಳಲ್ಲಿ ಇಂದಿಗೂ ಏಳುತ್ತದೆ. ಆ ಯಾರೋ ಎಂಬುದು ಮರುದಿನದೊಳಗೆ ನೆರೆಮನೆಯ ವಿಧವೆಯೋ ಓರಗಿತ್ತಿಯೋ ಆಗಿರುತ್ತದೆ. ಅವಳು ಮಗುವನ್ನು ನೋಡಲು ಬಂದರೆ ಕಣ್ಣು ಹಾಕಲು ಬಂದಳು ಎನ್ನುತ್ತಾರೆ. ಬಾರದಿದ್ದರೆ ತಪ್ಪಿತಸ್ಥಳಾದ್ದರಿಂದ ಮುಖ ತಪ್ಪಿಸಿದಳು ಎನ್ನುತ್ತಾರೆ. ಸ್ಪೇ ಅವರು ವರ್ಣಿಸಿದ ಬಾಗಿಲಿಲ್ಲದ ಮನೆ ಇದೇ ಅಲ್ಲವೇ?

ಜಪಸರ ಹೇಳುವ ನಮ್ಮ ಕುಟುಂಬಗಳೂ ಇದಕ್ಕೆ ಹೊರತಲ್ಲ. ಶಿಲುಬೆಯ ಜೊತೆಗೆ ತಾಯಿತ ಕಟ್ಟಿದ ಮಕ್ಕಳನ್ನು ನಾವು ಕಾಣುತ್ತೇವೆ. ಮಂತ್ರಿಸಿದ ತೀರ್ಥಜಲ ಬೇಡಿ ಗುರುಗಳ ಬಳಿ ಬರುವವರಲ್ಲಿ ಕೆಲವರು, ಇದನ್ನು ಯಾರು ಮಾಡಿಸಿದ್ದೆಂದು ನೋಡಿ ಹೇಳಿ ಸ್ವಾಮಿ ಎಂದು ಕೇಳುವುದುಂಟು. ರೋಗಿಗಾಗಿ ಪ್ರಾರ್ಥಿಸುವುದು ಗುರುವಿನ ಕರ್ತವ್ಯ. ನೆರೆಯವರ ಹೆಸರು ಹೇಳುವುದು ಪಾಪ. ಮಾಟ ಮಾಡಿಸುವುದನ್ನೂ ತಾಯಿತ ಕಟ್ಟುವುದನ್ನೂ 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಸ್ಪಷ್ಟವಾಗಿ ಖಂಡಿಸಿದೆ. ಸಾಕ್ಷಿಯಿಲ್ಲದೆ ಒಬ್ಬರ ಮೇಲೆ ದೋಷ ಹೊರಿಸುವುದು ಎಂಟನೆಯ ಕಟ್ಟಳೆಯ ಉಲ್ಲಂಘನೆ. ಹಾಗಾದರೆ ಅಂಥ ಮಾತು ನಮ್ಮ ಮನೆಯ ಜಗಲಿಗೆ ಬಂದಾಗ ನಾವು ಮಾಡಬೇಕಾದದ್ದೇನು? ಮಗುವನ್ನು ವೈದ್ಯರ ಬಳಿಗೆ, ಎಮ್ಮೆಯನ್ನು ಪಶುವೈದ್ಯರ ಬಳಿಗೆ ಒಯ್ಯುವುದು. ಆ ಹೆಂಗಸು ಏನು ಮಾಡಿದ್ದರೆ ನಿರಪರಾಧಿ ಎನ್ನುವಿರಿ ಎಂದು ಮಾತು ತಂದವರನ್ನು ಕೇಳುವುದು. ಅವರ ಬಳಿ ಉತ್ತರವಿಲ್ಲದಿದ್ದರೆ ಆ ಮಾತನ್ನು ಅಲ್ಲಿಯೇ ನಿಲ್ಲಿಸಿ, ಅವಳ ಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬರುವುದು.

ಚಿತ್ರದುರ್ಗದ ಭರಮಣ್ಣ ನಾಯಕನ ಹೆಸರು ಹೊತ್ತ ನಮ್ಮ ಭರಮಸಾಗರದ ಕೆರೆ ಎಷ್ಟೋ ವರ್ಷ ಬರಿದಾಗಿದ್ದಿತು. ಅದು ಯಾರ ಮಾಟವೂ ಆಗಿರಲಿಲ್ಲ. 2021ರಲ್ಲಿ ತುಂಗಭದ್ರೆಯ ನೀರು ಕೊಳವೆಗಳಲ್ಲಿ ಹರಿದು ಬಂದಾಗ ಅದು ತುಂಬಿಕೊಂಡಿತು, ಯಾವ ಮಂತ್ರವಾದಿಯ ಕೈಯಿಂದಲೂ ಅಲ್ಲ. ಸ್ಪೇ ಅವರದೆಂದು ಹೇಳಲಾಗುವ 1622ರ ಒಂದು ಆಗಮನ ಕಾಲದ ಗೀತೆ, ಆಕಾಶವನ್ನು ತೆರೆದು ಇಬ್ಬನಿಯಂತೆ, ಮಳೆಯಂತೆ ಇಳಿದು ಬಾ ಎಂದು ರಕ್ಷಕನನ್ನು ಕರೆಯುತ್ತದೆ. ಮುಗಿಲು ನೋಡಿ ಬದುಕುವ ನಮ್ಮ ಬಯಲುಸೀಮೆಯವರಿಗೆ ಆ ಪ್ರಾರ್ಥನೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ತಡವಾದ ವರ್ಷದಲ್ಲೂ ನಮ್ಮ ಕಣ್ಣು ನೆರೆಮನೆಯವಳ ಮೇಲೆ ಹೊರಳದೆ, ದೇವರತ್ತಲೇ ನೆಟ್ಟಿರಲಿ.