ಗ್ರಂಥಾಲಯ ಪಿತಾಮಹ ಡಾ. ಎಸ್. ಆರ್. ರಂಗನಾಥನ್

ಶಂಕರಪುರಂ, ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಂ ಮೊದಲಾದ ಬಡಾವಣೆಗಳ ನಾಗರಿಕರು ಪ್ರತಿ ವರ್ಷ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಉಪಕರವನ್ನೂ ಪಾವತಿಸುತ್ತಾರೆ. ಗ್ರಂಥಾಲಯವು ದಾನಿಗಳ ಔದಾರ್ಯವನ್ನೇ ನಂಬಿರದೆ ಶಾಸನದ ಆಧಾರದ ಮೇಲೆ ನಡೆಯಬೇಕೆಂಬ ತತ್ತ್ವಕ್ಕಾಗಿ ದಶಕಗಳ ಕಾಲ ಶ್ರಮಿಸಿದವರು ಡಾ. ಶಿಯಾಳಿ ರಾಮಾಮೃತ ರಂಗನಾಥನ್ ಅವರು. ಅವರ ಬದುಕಿನ ಕೊನೆಯ ವರ್ಷಗಳು ಬೆಂಗಳೂರಿನಲ್ಲಿಯೇ ಕಳೆದವು ಎಂಬುದು ನಾಡಿಗೆ ಹೆಮ್ಮೆಯ ಸಂಗತಿ.

ಜನನ ಮತ್ತು ವೃತ್ತಿ:
ರಂಗನಾಥನ್ ಅವರು 1892ರ ಆಗಸ್ಟ್ ತಿಂಗಳಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತಶಾಸ್ತ್ರವನ್ನು ಅಭ್ಯಾಸ ಮಾಡಿ, 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಬೋಧನಾ ವೃತ್ತಿಯನ್ನು ಕೈಗೊಂಡರು. 1924ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ನೇಮಕಗೊಂಡರು. ತರಗತಿಯ ಒಡನಾಟವಿಲ್ಲದ ಈ ಏಕಾಂತದ ಹುದ್ದೆ ಮೊದಲಿಗೆ ಅವರಿಗೆ ಹಿಡಿಸದೆ, ಅಧ್ಯಾಪನಕ್ಕೆ ಮರಳಲು ಬಯಸಿದ್ದರು. ಆದರೆ ಅದೇ ವರ್ಷ ತರಬೇತಿಗಾಗಿ ಲಂಡನ್ನಿಗೆ ತೆರಳಿದ್ದು ಅವರ ಜೀವನದ ದಿಕ್ಕನ್ನೇ ಬದಲಿಸಿತು. ಅಲ್ಲಿನ ಗ್ರಂಥಾಲಯಗಳಲ್ಲಿ ಎಲ್ಲ ವರ್ಗದ ಜನರೂ ಓದುಗರಾಗಿದ್ದುದನ್ನು ಕಂಡ ಅವರು, 1925ರಲ್ಲಿ ಸ್ವದೇಶಕ್ಕೆ ಮರಳಿದ ನಂತರ ಅಧ್ಯಾಪನದ ಆಲೋಚನೆಯನ್ನು ತೊರೆದು, ಗ್ರಂಥಾಲಯ ಸೇವೆಯಲ್ಲಿಯೇ ಮುಂದುವರಿದರು.

ಗ್ರಂಥಾಲಯ ವಿಜ್ಞಾನಕ್ಕೆ ಕೊಡುಗೆ:
1931ರಲ್ಲಿ ಪ್ರಕಟವಾದ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳು ಜಗತ್ತಿನ ಗಮನ ಸೆಳೆದವು. ಪುಸ್ತಕದ ಸಾರ್ಥಕತೆ ಇರುವುದು ಅದರ ಬಳಕೆಯಲ್ಲಿ, ಬೀಗದ ಭದ್ರತೆಯಲ್ಲಲ್ಲ ಎಂಬುದು ಇವುಗಳ ಸಾರ. ಬಿಡಿಭಾಗಗಳನ್ನು ಜೋಡಿಸಿ ಹಲವು ಆಕೃತಿಗಳನ್ನು ರಚಿಸಬಹುದಾದ ಮೆಕಾನೋ ಆಟಿಕೆಯನ್ನು ಲಂಡನ್ನಿನ ಅಂಗಡಿಯೊಂದರಲ್ಲಿ ಕಂಡದ್ದು ಹೊಸ ವರ್ಗೀಕರಣ ಪದ್ಧತಿಗೆ ಪ್ರೇರಣೆಯಾಯಿತು. 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣವೇ ಆ ಪದ್ಧತಿ. ಬನಾರಸ್ ಮತ್ತು ದೆಹಲಿ ವಿಶ್ವವಿದ್ಯಾಲಯಗಳಲ್ಲಿಯೂ ಅವರು ಸೇವೆ ಸಲ್ಲಿಸಿದರು.

ಶಾಸನಕ್ಕಾಗಿ ಶ್ರಮ:
1930ರಲ್ಲಿ ಬನಾರಸ್‌ನಲ್ಲಿ ನಡೆದ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದಲ್ಲಿ ಅವರು ಮಾದರಿ ಗ್ರಂಥಾಲಯ ವಿಧೇಯಕವನ್ನು ಮಂಡಿಸಿದರು. ಖಾಯಂ ಆದಾಯವಿಲ್ಲದ ಗ್ರಂಥಾಲಯ ಬಹುಕಾಲ ಬಾಳದೆಂಬುದು ಅವರ ದೃಢ ನಿಲುವಾಗಿತ್ತು. ಆರಂಭದ ಪ್ರಯತ್ನಗಳು ಫಲಿಸಲಿಲ್ಲ. ಹದಿನೆಂಟು ವರ್ಷಗಳ ನಂತರ, 1948ರಲ್ಲಿ, ಮದ್ರಾಸ್ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು ಜಾರಿಗೊಳ್ಳಲು ಅಂಗೀಕಾರ ಪಡೆಯಿತು.

ಮೈಸೂರು ಸಂಸ್ಥಾನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1914-15ರ ಸುಮಾರಿಗೆ, ಬೆಂಗಳೂರು ಮತ್ತು ಮೈಸೂರಿನಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಆರಂಭವಾಗಿದ್ದವು. ಆದರೆ ಏಕೀಕರಣದ ನಂತರವೂ ರಾಜ್ಯಕ್ಕೆ ಏಕರೂಪದ ಗ್ರಂಥಾಲಯ ಶಾಸನವಿರಲಿಲ್ಲ. ಈ ಕೊರತೆಯನ್ನು ನೀಗಿಸಿದ 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮಕ್ಕೆ ರಂಗನಾಥನ್ ಅವರ ಚಿಂತನೆಯೇ ಬುನಾದಿ. ಸದರಿ ಅಧಿನಿಯಮವು 01-04-1966ರಿಂದ ಜಾರಿಗೆ ಬಂದು, 01-11-1966ರಂದು ಸಾರ್ವಜನಿಕ ಗ್ರಂಥಾಲಯ ಇಲಾಖೆಯು ಅಸ್ತಿತ್ವಕ್ಕೆ ಬಂದಿತು. ನಗರ ಮತ್ತು ಜಿಲ್ಲಾ ಗ್ರಂಥಾಲಯ ಪ್ರಾಧಿಕಾರಗಳಿಗೆ ಉಪಕರದ ಆದಾಯವನ್ನು ಒದಗಿಸಲಾಯಿತು. ಮಾದರಿ ವಿಧೇಯಕ ಮಂಡನೆಯಾದಂದಿನಿಂದ ಇಲ್ಲಿಯ ಶಾಸನ ರೂಪುಗೊಳ್ಳುವವರೆಗೆ ಮೂವತ್ತೈದು ವರ್ಷಗಳು ಸಂದಿದ್ದವು.

ಬೆಂಗಳೂರಿನ ದಿನಗಳು:
1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದರು. ಮಲ್ಲೇಶ್ವರಂ ಬಡಾವಣೆಯ 11ನೇ ಅಡ್ಡರಸ್ತೆಯಲ್ಲಿದ್ದ ಈ ಕೇಂದ್ರವು ದೇಶದ ಹಲವು ಗ್ರಂಥಪಾಲಕರನ್ನು ರೂಪಿಸಿ, ಮುಂದೆ ಮೈಸೂರು ರಸ್ತೆಯ ಆವರಣಕ್ಕೆ ಸ್ಥಳಾಂತರಗೊಂಡಿತು. ತಮ್ಮ ಗಳಿಕೆಯನ್ನೂ ಅವರು ಈ ಕ್ಷೇತ್ರಕ್ಕೇ ವಿನಿಯೋಗಿಸಿದರು. ಪತ್ನಿ ಶಾರದಾ ಅವರ ಹೆಸರಿನಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ಪೀಠಕ್ಕೆ ದತ್ತಿ ನೀಡಿದರಲ್ಲದೆ, 1961ರಲ್ಲಿ ಶಾರದಾ ರಂಗನಾಥನ್ ದತ್ತಿ ಸಂಸ್ಥೆಯನ್ನೂ ಆರಂಭಿಸಿದರು.

ಭಾರತ ಸರ್ಕಾರವು 1957ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನೂ, 1965ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರಾಧ್ಯಾಪಕ ಗೌರವವನ್ನೂ ನೀಡಿತು. 27-09-1972ರಂದು ಅವರು ಬೆಂಗಳೂರಿನಲ್ಲಿ ನಿಧನರಾದರು. ಪ್ರತಿ ವರ್ಷ ಆಗಸ್ಟ್ 12ರಂದು ಅವರ ಸ್ಮರಣಾರ್ಥ ಗ್ರಂಥಪಾಲಕರ ದಿನಾಚರಣೆ ನಡೆಯುತ್ತದೆ.

ತೆರಿಗೆಯೊಂದಿಗೆ ಉಪಕರ ಸಲ್ಲಿಸುವ ಪ್ರತಿಯೊಬ್ಬ ನಾಗರಿಕನೂ ಗ್ರಂಥಾಲಯದ ಪಾಲುದಾರನೇ. ಆ ಹಣವು ಸಕಾಲದಲ್ಲಿ ಗ್ರಂಥಾಲಯ ನಿಧಿಗೆ ಸಂದಾಯವಾಗಿ, ಪುಸ್ತಕಗಳು ಓದುಗರ ಕೈಸೇರಿದಾಗ ಮಾತ್ರ ಅವರ ಶ್ರಮ ಸಾರ್ಥಕವಾಗುತ್ತದೆ. ನಾಗರಿಕರು ತಮ್ಮ ಸಮೀಪದ ಶಾಖಾ ಗ್ರಂಥಾಲಯದ ಸದಸ್ಯರಾಗಿ ಅದರ ಪ್ರಯೋಜನವನ್ನು ಪಡೆಯುವುದೇ ಈ ಮಹನೀಯರಿಗೆ ಸಲ್ಲಿಸುವ ನಿಜವಾದ ಗೌರವ.