ಸುವರ್ಣದ್ರವದ ಸಾಧಕ ಮೈಕೇಲ್ ಫ್ಯಾರಡೆ

ಚಿನ್ನವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಹೊಂಬಣ್ಣ. ಅದೇ ಚಿನ್ನವು ಮಾಣಿಕ್ಯದಂತೆ ಕೆಂಪಾಗಿಯೂ ಇರಬಲ್ಲದೆಂದರೆ ಸಾಮಾನ್ಯರು ನಂಬಲಾರರು. ಆದರೆ ಅಂತಹ ಕೆಂಪು ಚಿನ್ನದ ದ್ರವವನ್ನು ತುಂಬಿದ ಸೀಸೆಗಳು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಇಂದಿಗೂ ಸುರಕ್ಷಿತವಾಗಿವೆ. ಅವುಗಳನ್ನು ಸಿದ್ಧಪಡಿಸಿದ ಮಹನೀಯರು ಮೈಕೇಲ್ ಫ್ಯಾರಡೆಯವರು. ವಿದ್ಯುತ್ತಿನ ವಿಷಯದಲ್ಲಿ ಶಾಲಾಬಾಲಕರೂ ಬಲ್ಲ ಈ ವಿಜ್ಞಾನಿಯ ಜೀವನದಲ್ಲಿ ಚಿನ್ನದ ಅಧ್ಯಾಯವು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸಲಾಗಿದೆ.

ಫ್ಯಾರಡೆಯವರು 1791ನೆಯ ಇಸವಿ ಸೆಪ್ಟೆಂಬರ್ 22ರಂದು ಲಂಡನ್ನಿನ ಬಳಿಯ ನ್ಯೂಯಿಂಗ್ಟನ್ನಿನಲ್ಲಿ ಜನಿಸಿದರು. ತಂದೆ ಕಮ್ಮಾರ, ಮೇಲಾಗಿ ರೋಗಪೀಡಿತ. ಮನೆಯಲ್ಲಿ ಕಡುಬಡತನ. ಓದು, ಬರೆಹ, ಲೆಕ್ಕ ಇಷ್ಟರಲ್ಲಿಯೇ ಬಾಲಕನ ಶಾಲಾಶಿಕ್ಷಣ ಮುಗಿಯಿತು. ಹದಿಮೂರನೆಯ ವಯಸ್ಸಿನಲ್ಲಿ ರೀಬೋ ಎಂಬ ಪುಸ್ತಕವ್ಯಾಪಾರಿಯ ಅಂಗಡಿಯನ್ನು ಸೇರಿ, ಮರುವರ್ಷದಿಂದ ಏಳು ವರ್ಷಗಳ ಕಾಲ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಕಲಿತರು. ಕಟ್ಟಲು ಬಂದ ಪುಸ್ತಕಗಳೇ ಆತನಿಗೆ ಪಾಠಶಾಲೆಯಾದವು. ಹುಡುಗನ ಓದಿಗೆ ಯಜಮಾನನು ಅಡ್ಡಿಪಡಿಸದೆ ಪ್ರೋತ್ಸಾಹವಿತ್ತುದು ಸ್ಮರಣೀಯ.

1812ರಲ್ಲಿ ಆ ಅಂಗಡಿಯ ಗಿರಾಕಿಯಾಗಿದ್ದ ವಿಲಿಯಂ ಡಾನ್ಸ್ ಎಂಬ ಸಜ್ಜನರು ಸರ್ ಹಂಫ್ರಿ ಡೇವಿಯವರ ಉಪನ್ಯಾಸಗಳಿಗೆ ಪ್ರವೇಶಪತ್ರಗಳನ್ನು ದೊರಕಿಸಿಕೊಟ್ಟರು. ಕೊಟ್ಟವರಿಗೆ ಅದು ಅಲ್ಪವಸ್ತು. ಪಡೆದವನಿಗೆ ಅದೇ ಜೀವನದ ಹೆಬ್ಬಾಗಿಲು. ಯುವಕನು ಉಪನ್ಯಾಸಗಳನ್ನು ಬರೆದುಕೊಂಡು, ತಾನೇ ಅಂದವಾಗಿ ರಟ್ಟು ಕಟ್ಟಿ, ಕೆಲಸಕ್ಕಾಗಿ ಬೇಡಿಕೆಯೊಂದಿಗೆ ಡೇವಿಯವರಿಗೆ ಕಳುಹಿಸಿದನು. 1813ರ ಮಾರ್ಚ್ ತಿಂಗಳಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಶಾಲೆಯಲ್ಲಿ ಸಹಾಯಕನ ಹುದ್ದೆ ಲಭಿಸಿತು. ಮುಂದಿನ ಕಥೆ ಸರ್ವವಿದಿತ. 1821ರಲ್ಲಿ ವಿದ್ಯುತ್ಕಾಂತೀಯ ಭ್ರಮಣ, 1825ರಲ್ಲಿ ಬೆಂಜೀನ್, 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆ: ಹೀಗೆ ಶೋಧಗಳು ಸಾಲುಗೊಂಡವು.

ಅರವತ್ತು ದಾಟುವ ವೇಳೆಗೆ ಅವರ ಸ್ಮರಣಶಕ್ತಿ ಕುಂದಿತ್ತು. ಆದರೂ ಬೆಳಕು ಮತ್ತು ಪದಾರ್ಥಗಳ ಸಂಬಂಧವನ್ನು ಅರಿಯುವ ಹಂಬಲ ಕುಂದಲಿಲ್ಲ. ಅತ್ಯಂತ ತೆಳುವಾದ ಚಿನ್ನದ ರೇಕು ಬೆಳಕಿಗೆ ಹಿಡಿದಾಗ ಹಸಿರಾಗಿ ಕಾಣುವುದನ್ನು ಪರೀಕ್ಷಿಸುತ್ತ, ಚಿನ್ನವನ್ನು ಇನ್ನೂ ಸೂಕ್ಷ್ಮವಾಗಿ ವಿಭಾಗಿಸಲು ಅವರು ಮುಂದಾದರು. ಚಿನ್ನದ ಲವಣದ ದ್ರಾವಣಕ್ಕೆ ರಂಜಕವನ್ನು ಸೇರಿಸಿದಾಗ ಮಾಣಿಕ್ಯವರ್ಣದ ದ್ರವ ಸಿದ್ಧಿಸಿತು. ಇದು ಕರಗಿದ ಚಿನ್ನವೋ, ತೇಲುವ ಕಣಗಳೋ ಎಂಬುದು ಪ್ರಶ್ನೆ. ಮಸೂರದಿಂದ ಬೆಳಕನ್ನು ಹಾಯಿಸಿದಾಗ ದ್ರವದೊಳಗೆ ಕಿರಣಪಥವು ಹೊಳೆಯುವ ಶಂಕುವಾಗಿ ಕಂಡಿತು. ಉಪ್ಪನ್ನು ಸೇರಿಸಿದೊಡನೆ ಕೆಂಪು ನೀಲಿಗೆ ತಿರುಗಿತು. ಸೂಕ್ಷ್ಮದರ್ಶಕಕ್ಕೂ ಗೋಚರವಾಗದಿದ್ದ ಆ ಕಣಗಳು ಲೋಹರೂಪದ ಚಿನ್ನವೇ ಆಗಿವೆಯೆಂದೂ, ವರ್ಣಭೇದಕ್ಕೆ ಕಣಗಳ ಸ್ಥಿತಿಯೇ ಕಾರಣವೆಂದೂ ಅವರು ಊಹಿಸಿದರು. 1857ರ ಫೆಬ್ರವರಿ 5ರಂದು ರಾಯಲ್ ಸೊಸೈಟಿಯಲ್ಲಿ ಈ ವಿಷಯವನ್ನು ಕುರಿತು ಉಪನ್ಯಾಸವಿತ್ತರು. ಅದೇ ವರ್ಷ ಆ ಸೊಸೈಟಿಯ ಅಧ್ಯಕ್ಷಪದವಿ ತಾನಾಗಿ ಅರಸಿ ಬಂದಾಗ ವಿನಯದಿಂದ ನಿರಾಕರಿಸಿದರು.

ಅವರ ಊಹೆ ಸತ್ಯವಾಯಿತು. ಮೀಟರಿನ ನೂರು ಕೋಟಿಯಲ್ಲೊಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಇಂತಹ ಕೆಲವು ಅಥವಾ ಕೆಲವು ಹತ್ತು ನ್ಯಾನೋಮೀಟರುಗಳ ಗಾತ್ರದ ಚಿನ್ನದ ಕಣದಲ್ಲಿ ಸ್ವತಂತ್ರ ಎಲೆಕ್ಟ್ರಾನುಗಳು ಬೆಳಕಿನ ಅಲೆಯೊಡನೆ ಒಟ್ಟಾಗಿ ಕಂಪಿಸಿ ಹಸಿರು ಬೆಳಕನ್ನು ಹೀರುತ್ತವೆ, ಕೆಂಪು ಹಾದುಹೋಗುತ್ತದೆ. ಕಣಗಳು ಗುಂಪುಗೂಡಿದರೆ ಬಣ್ಣ ನೀಲಿಯತ್ತ ಸರಿಯುತ್ತದೆ.

ಈ ಕಣಗಳು ಅರ್ಬುದರೋಗದ ಚಿಕಿತ್ಸೆಯ ಸಂಶೋಧನೆಗೂ ಪ್ರವೇಶಿಸಿವೆ. ಕಿರಣಚಿಕಿತ್ಸೆಯಲ್ಲಿನ ಸಂಕಟವೆಂದರೆ, ಗಡ್ಡೆಯನ್ನು ದಹಿಸುವ ಕಿರಣವು ಸುತ್ತಲಿನ ಆರೋಗ್ಯವಂತ ಅಂಗಾಂಶವನ್ನೂ ಬಿಡದು. ಚಿನ್ನದ ಪರಮಾಣುಸಂಖ್ಯೆ 79. ಅದು ಎಕ್ಸ್-ಕಿರಣವನ್ನು ದೇಹದ ಅಂಗಾಂಶಕ್ಕಿಂತ ಬಹುವಾಗಿ ಹೀರಿ ಎಲೆಕ್ಟ್ರಾನುಗಳನ್ನು ಹೊರಚೆಲ್ಲುತ್ತದೆ. ಅವುಗಳಲ್ಲಿ ಹಲವು ಅಲ್ಪದೂರದಲ್ಲಿಯೇ ಶಕ್ತಿಯನ್ನು ವ್ಯಯಿಸುವುದರಿಂದ, ಚಿನ್ನವು ಗಡ್ಡೆಯಲ್ಲಿ ಸೇರಿದ್ದರೆ ಪೆಟ್ಟು ಅಲ್ಲಿಯೇ ಹೆಚ್ಚಾಗಿ ಬೀಳುತ್ತದೆ. 2004ರಲ್ಲಿ ಅಮೆರಿಕದ ಹೈನ್‌ಫೆಲ್ಡ್ ಮತ್ತು ಸಂಗಡಿಗರು 1.9 ನ್ಯಾನೋಮೀಟರಿನ ಕಣಗಳನ್ನು ಗಡ್ಡೆಯುಳ್ಳ ಇಲಿಗಳ ರಕ್ತಕ್ಕೆ ಸೇರಿಸಿ ಎಕ್ಸ್-ಕಿರಣವನ್ನು ಹಾಯಿಸಿದರು. ಒಂದು ವರ್ಷದ ಬಳಿಕ ಶೇಕಡಾ 86ರಷ್ಟು ಇಲಿಗಳು ಬದುಕಿದ್ದವು; ಬರಿಯ ಕಿರಣ ಪಡೆದವುಗಳಲ್ಲಿ ಉಳಿದುದು ಶೇಕಡಾ 20. ಇಲಿಗೆ ಫಲಿಸಿದ್ದು ಮನುಷ್ಯನಿಗೂ ಹಾಗೆಯೇ ಫಲಿಸುವುದೆಂದು ಭಾವಿಸಲಾಗದು. ಆಸ್ಪತ್ರೆಗಳಲ್ಲಿ ಬಳಸುವ ಅತಿಶಕ್ತಿಯ ಕಿರಣಗಳಿಗೆ ಚಿನ್ನದ ಈ ಹೀರುಗುಣ ಅಷ್ಟು ಒದಗದು. ಕಣಗಳು ಯಕೃತ್ತು, ಗುಲ್ಮಗಳಲ್ಲಿ ನಿಲ್ಲುವ ಚಿಂತೆಯೂ ಉಂಟು. ಚಿನ್ನದ ಕಣಗಳು ಇನ್ನೂ ನಿತ್ಯಚಿಕಿತ್ಸೆಯಾಗಿಲ್ಲ. ಭಸ್ಮ, ಆಭರಣಗಳಿಗೂ ಇದಕ್ಕೂ ಸಂಬಂಧವಿಲ್ಲವೆಂಬುದನ್ನು ಆತುರಗೊಂಡ ರೋಗಿಗಳ ಬಂಧುಗಳು ಮನಗಾಣಬೇಕು.

ಇನ್ನೊಂದು ಸೋಜಿಗವಿದೆ. 1895ರಲ್ಲಿ ರಾಂಟ್‌ಗನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದಾಗ ನಳಿಕೆಗೆ ವಿದ್ಯುತ್ತನ್ನು ಒದಗಿಸಿದ್ದು ಪ್ರೇರಣಾಸುರುಳಿ. ಅದರ ಮೂಲತತ್ತ್ವ ಫ್ಯಾರಡೆಯವರದು. ಕಿರಣದ ಹಿಂದೆಯೂ ಅವರೇ, ಕಣದ ಹಿಂದೆಯೂ ಅವರೇ! 1831 ಮತ್ತು 1857ರ ಅವರ ಎರಡು ಶೋಧಗಳು ಇಪ್ಪತ್ತೊಂದನೆಯ ಶತಮಾನದ ಪ್ರಯೋಗಶಾಲೆಯಲ್ಲಿ ಕೂಡಿದವು. ಇದಾವುದನ್ನೂ ಕಾಣದೆ ಅವರು 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟಿನಲ್ಲಿ ಇಹಲೋಕವನ್ನು ತ್ಯಜಿಸಿದರು.

ಫಲವನ್ನು ಎಣಿಸದೆ ನಡೆಸಿದ ಜ್ಞಾನಾರ್ಜನೆಯು ಎಂದೋ ಯಾರಿಗೋ ಒದಗುತ್ತದೆಂಬುದಕ್ಕೆ ಈ ಜೀವನವೇ ನಿದರ್ಶನ. ಓದಲು ಬಿಟ್ಟ ಯಜಮಾನ, ಪ್ರವೇಶಪತ್ರವಿತ್ತ ಗಿರಾಕಿ, ಬಾಗಿಲು ತೆರೆದ ಗುರು: ಈ ಮೂವರಿಲ್ಲದಿದ್ದರೆ ಕಮ್ಮಾರನ ಮಗನು ರಟ್ಟು ಕಟ್ಟುತ್ತಲೇ ಉಳಿಯುತ್ತಿದ್ದನೇನೋ. ನಮ್ಮ ತರಗತಿಗಳ ಹಿಂದಿನ ಸಾಲಿನಲ್ಲಿಯೂ ಅಂತಹ ಬಾಲಕರು ಕುಳಿತಿರಬಹುದು. ಅವರನ್ನು ಗುರುತಿಸುವುದು ಗುರುಗಳ ಹೊಣೆ. ಅವರಿಗೆ ಒಂದು ಪುಸ್ತಕವನ್ನೋ ಒಂದು ಅವಕಾಶವನ್ನೋ ಕಲ್ಪಿಸುವುದು ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಪುಣ್ಯ.